ನಾರಿನ ಪುಡಿಯ ಉಪ್ಪು

ನನಗೆ ಮಾಲಿನಿಯ ಮೇಲೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದಕ್ಕೆ ನೀವು ಬೇರೇನೋ ಕಾರಣ ಹುಡುಕಿ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಬಿಡುತ್ತೀರಿ. ಅವಳು ನನ್ನ ಮೈದುನ ಪ್ರವೀಣನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಘಟ್ಟದ ಮೇಲಿನ ಮುಂಡಗೋಡದವಳು, ಕೃಷಿ ಡಿಪ್ಲೊಮಾ ಓದಿದವಳು. ಅವಳು ನೋಡಲು ಚಂದ ಇದ್ದಾಳೆ, ಫೋನಿನಲ್ಲಿ ಅಧಿಕಾರಿಗಳ ಜೊತೆ ಹೆದರದೆ ಮಾತಾಡುತ್ತಾಳೆ, ಅದಕ್ಕೆಲ್ಲ ನನಗೆ ಉರಿಯಲಿಲ್ಲ. ನನ್ನ ಒಲೆಯ ವಿಷಯಕ್ಕೆ ಬಂದಳು, ಅದಕ್ಕೆ ಉರಿಯಿತು.

ಕರ್ಕಿಯಲ್ಲಿ ನಮ್ಮದು ಅವಲಕ್ಕಿ ಮಾಡುವ ಮನೆ. ನೆನೆಸಿದ ಭತ್ತವನ್ನು ದೊಡ್ಡ ಬಾಣಲೆಯಲ್ಲಿ ಹುರಿದು, ಬಿಸಿ ಆರುವುದರೊಳಗೆ ಮಶಿನ್ನಿಗೆ ಹಾಕಿ ಕುಟ್ಟಿಸಬೇಕು. ಒಲೆಗೆ ನಾವು ಹಾಕುವುದು ಭತ್ತದ ಹೊಟ್ಟು. ಕಟ್ಟಿಗೆಯನ್ನಾದರೆ ಒಟ್ಟಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ಹೊಟ್ಟು ಹಾಗಲ್ಲ, ಮುಂದೆ ಕೂತು ಮುಷ್ಟಿ ಮುಷ್ಟಿಯಾಗಿ ಕೆಂಡದ ಮೇಲೆ ಬೀಸಿ ಹರಡುತ್ತಲೇ ಇರಬೇಕು. ಒಂದು ಮುಷ್ಟಿ ಹೆಚ್ಚಾದರೆ ಮನೆ ತುಂಬ ಹೊಗೆ, ಒಂದು ಮುಷ್ಟಿ ತಡವಾದರೆ ಉರಿ ಇಳಿದು ಅವಲಕ್ಕಿ ಪುಡಿಪುಡಿ. ಅತ್ತೆ ನನಗೆ ಈ ಕೈ ಕಲಿಸಿದರು. ಹತ್ತೊಂಬತ್ತು ವರ್ಷ ಆ ಒಲೆಯ ಮುಂದೆ ನಾನೇ ಕೂತೆ. ನನ್ನ ಬಲಗೈಯಲ್ಲಿ ಒಂದು ರೋಮ ಉಳಿದಿಲ್ಲ. ಮಳೆಗಾಲದಲ್ಲಿ ಯಾರ ಮನೆಯ ಕಾರ್ಯದಲ್ಲಾದರೂ ಒಲೆ ಹತ್ತದೆ ಹೋದರೆ ಮಂಗಲಾಳನ್ನು ಕರೆಯಿರಿ ಎನ್ನುತ್ತಿದ್ದರು. ಹೊಟ್ಟಾಗಲಿ ಸಿಪ್ಪೆಯಾಗಲಿ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡುತ್ತೇನೆ. ಅಂಟಿದರೆ ಒಣಗಿದೆ, ಜಾರಿದರೆ ಹಸಿ. ಇದು ನನಗೆ ಹೊನ್ನಾವರದ ಆಚೆಯ ಕಾಸರಕೋಡಿನ ತವರುಮನೆಯಿಂದ ಬಂದ ಅಭ್ಯಾಸ.

ಮಾಲಿನಿ ಮದುವೆಯಾಗಿ ಬಂದ ಎರಡನೇ ತಿಂಗಳು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಈ ಒಲೆಗೆ ಹೋಗುವ ಹೊಟ್ಟಿನಲ್ಲಿ ಅರ್ಧ ಹೊಗೆಯಾಗಿ ಹೋಗುತ್ತದೆ ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕುಮಟಾದಲ್ಲಿ ಶೇಂಗಾ ಸಿಪ್ಪೆ ಗದ್ದೆಯ ಅಂಚಿನಲ್ಲಿ ಸುಟ್ಟುಹಾಕುತ್ತಾರೆ, ಅಕ್ಕಿ ಗಿರಣಿಗಳ ಹಿಂದೆ ಹೊಟ್ಟು ಗುಡ್ಡ ಬಿದ್ದಿದೆ, ತೆಂಗಿನ ಸಿಪ್ಪೆ ರಸ್ತೆ ಬದಿಯಲ್ಲಿ ಕೊಳೆಯುತ್ತದೆ, ಇಷ್ಟನ್ನೂ ಪುಡಿಮಾಡಿ ಒತ್ತಿ ಒಣಗಿಸಿದರೆ ಈ ಮೂರು ತಾಲೂಕಿನ ಬೇಕರಿ, ಹೋಟೆಲು, ಹಾಸ್ಟೆಲುಗಳಿಗೆ ಯಾರೂ ಕಾಡಿನ ಒಂದು ಕೊಂಬೆ ಕಡಿಯಬೇಕಾಗಿಲ್ಲ, ಬೆಳೆ ವರ್ಷ ವರ್ಷ ಬರುತ್ತದೆ, ಅದರ ಹಿಂದೆ ಉರುವಲೂ ಬರುತ್ತದೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಒಂದು ಮುಷ್ಟಿ ಹೊಟ್ಟು ಬೇಕೆಂದೇ ಹೆಚ್ಚು ಬೀಸಿದೆ. ಹೊಗೆ ಅವಳ ಮುಖಕ್ಕೆ ಹೋಯಿತು. ಕೆಮ್ಮುತ್ತಲೇ ಅವಳು ಅದನ್ನೂ ಉದಾಹರಣೆಯಾಗಿ ತೋರಿಸಿದಳು.

ವರ್ಷದೊಳಗೆ ಕುಮಟಾದಿಂದ ಒತ್ತುವ ಮಶಿನ್ ಬಂತು. ಅವಲಕ್ಕಿ ಕೋಣೆಯ ಪಕ್ಕದಲ್ಲಿ ಅದಕ್ಕೊಂದು ಶೆಡ್ಡು. ಹೊಟ್ಟು, ಶೇಂಗಾ ಸಿಪ್ಪೆ, ತೆಂಗಿನ ನಾರಿನ ಪುಡಿ ಎಲ್ಲ ಬೆರೆಸಿ, ಗಂಜಿ ಹಾಕಿ ಕಲಸಿ, ಮಶಿನ್ನಿಗೆ ಕೊಟ್ಟರೆ ಗೇಣುದ್ದದ ದಪ್ಪ ಕೋಲು ಹೊರಬರುತ್ತದೆ. ಬಿಸಿಲಿಗಿಟ್ಟರೆ ಕಲ್ಲು. ಅದಕ್ಕೆ ಬ್ರಿಕೆಟ್ ಎನ್ನಬೇಕಂತೆ. ಅತ್ತೆ ಹೊಟ್ಟಿನ ಕಡುಬು ಎನ್ನುತ್ತಿದ್ದರು, ಮೊದಮೊದಲು ನಗುತ್ತ, ಆಮೇಲೆ ಹೆಮ್ಮೆಯಿಂದ. ಪ್ರವೀಣ ಜಲ್ಲಿ ಕ್ರಷರಿನ ಕೆಲಸ ಬಿಟ್ಟು ಹೆಂಡತಿಯ ಮಶಿನ್ನಿಗೆ ನಿಂತ.

ಇಲಾಖೆಯವರು ಬಂದು ಫೋಟೋ ತೆಗೆದರು. ಪೇಪರಿನಲ್ಲಿ ಬಂತು. ಮಾಲಿನಿ ನಡುವೆ ನಿಂತು ಎರಡು ಕೈಯಲ್ಲಿ ಎರಡು ಬ್ರಿಕೆಟ್ ಹಿಡಿದಿದ್ದಾಳೆ, ಎಡಗಡೆಯ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಆ ಮೊಣಕೈ ನನ್ನದು. ಅತ್ತೆ ಅದನ್ನು ಕತ್ತರಿಸಿ ದೇವರ ಕೋಣೆಯ ಬಾಗಿಲಿಗೆ ಅಂಟಿಸಿದರು, ಕತ್ತರಿಸುವಾಗ ಮೊಣಕೈಯೂ ಹೋಯಿತು. ನಮ್ಮನೆಯವರು, ಗಣಪ, ಗೂಡ್ಸ್ ಟೆಂಪೋ ಓಡಿಸುತ್ತಾರೆ, ಊರಿಡೀ ಆ ಪೇಪರು ತೋರಿಸಿ ಬಂದರು. ಒಂದು ದಿನ ಊಟಕ್ಕೆ ಕೂತು ಅವರು ನನ್ನ ಮುಖ ನೋಡದೆ ಹೇಳಿದರು.

"ಮಾಲಿನಿ ಹೇಳೂದು ಖರೆ ಮಂಗಲಾ. ನಿನ್ನ ಒಲೆನೂ ಈ ಬ್ರಿಕೆಟ್ಟಿಗೆ ಹಾಕ್ಬಿಡ್ವ. ನೀ ಕೂತು ಬೀಸೂದೇ ಬ್ಯಾಡ."

ಅವರು ನನ್ನ ಬೆನ್ನಿಗೆ ವಿಶ್ರಾಂತಿ ಸಿಗಲಿ ಎಂದೇ ಹೇಳಿರಬಹುದು. ನನಗೆ ಕೇಳಿಸಿದ್ದು ಮಾತ್ರ, ನೀನು ಇನ್ನು ಬೇಡ ಎಂದು. ಅವತ್ತಿನಿಂದ ನಾನು ಕಾದೆ. ಮಾಲಿನಿ ಹಾಳಾಗಲಿ ಎಂದು ನಾನು ಬಯಸಲಿಲ್ಲ. ಒಮ್ಮೆ ಸೋಲಲಿ, ಎಲ್ಲರೂ ನೋಡುವಂತೆ ಒಂದೇ ಒಂದು ಸಲ ಸೋಲಲಿ, ಆಮೇಲೆ ಎಲ್ಲರೂ ಒಲೆಯ ಕಡೆ ತಿರುಗಿ ಮಂಗಲಾ ಎಲ್ಲಿ ಎಂದು ಕೇಳಲಿ. ಅಷ್ಟೇ ನನಗೆ ಬೇಕಿದ್ದದ್ದು.

ಭಟ್ಕಳದಲ್ಲಿ ಗುರುದತ್ತ ಪ್ರಭುಗಳದ್ದು ಹಳೆಯ ಬೇಕರಿ. ಪಾವು, ಟೋಸ್ಟು, ಖಾರಿ ಎಲ್ಲ ಕಟ್ಟಿಗೆಯ ಭಟ್ಟಿಯಲ್ಲೇ. ಮಳೆಗಾಲ ಬಂತೆಂದರೆ ಅವರಿಗೆ ಒಣ ಕಟ್ಟಿಗೆಯ ಚಿಂತೆ. ಮಾಲಿನಿ ಎರಡು ಚೀಲ ಬ್ರಿಕೆಟ್ ತೆಗೆದುಕೊಂಡು ಹೋಗಿ ಅವರ ಭಟ್ಟಿಯಲ್ಲೇ ಉರಿಸಿ ತೋರಿಸಿ ಬಂದಳು. ಅವರಿಗೆ ಹಿಡಿಸಿತು. ಜೂನಿನಿಂದ ಸಪ್ಟೆಂಬರಿನವರೆಗೆ ಪೂರೈಸಿ, ಈ ನಾಲ್ಕು ತಿಂಗಳು ದಾಟಿದರೆ ವರ್ಷವಿಡೀ ನಿಮ್ಮದೇ, ಉಳಿದ ಬೇಕರಿಯವರಿಗೂ ನಾನೇ ಹೇಳುತ್ತೇನೆ ಎಂದರಂತೆ. ನಿಮ್ಮನ್ನು ನಂಬಿ ಈ ಸಲ ಮಳೆಗಾಲದ ಕಟ್ಟಿಗೆ ತುಂಬಿಸುವುದಿಲ್ಲ ಎಂದೂ ಹೇಳಿದರಂತೆ. ಮಾಲಿನಿ ಖುಷಿಗೆ ಇದನ್ನು ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದಳು.

ಆಗ ಮಾರ್ಚ್ ತಿಂಗಳು. ಕುಮಟಾ ಕಡೆಯ ಶೇಂಗಾ ಇನ್ನೂ ಗದ್ದೆಯಲ್ಲೇ ಇತ್ತು, ಸಿಪ್ಪೆ ಸಾಕಷ್ಟು ಸಿಗಲಿಲ್ಲ. ಅಷ್ಟರಲ್ಲಿ ಪ್ರವೀಣ ಕಾಸರಕೋಡಿನ ಹಿನ್ನೀರ ಬದಿಯಲ್ಲಿ ಒಂದು ನಿಂತುಹೋದ ನಾರಿನ ಶೆಡ್ಡು ಪತ್ತೆಮಾಡಿ ಬಂದ. ಒಳಗೆ ಹೆಂಚಿನವರೆಗೆ ನಾರಿನ ಪುಡಿ, ಯಾರಿಗೂ ಬೇಡದ್ದು, ತೆಗೆದುಕೊಂಡು ಹೋದರೆ ಸಾಕು ಎಂದರಂತೆ. ನಮ್ಮನೆಯವರು ಟೆಂಪೋದಲ್ಲಿ ನಾಲ್ಕು ಸಲ ಹೇರಿ ತಂದರು. ಅಂಗಳದಲ್ಲಿ ನನ್ನ ಎತ್ತರದ ರಾಶಿ ಬಿತ್ತು, ಕಂದು ಬಣ್ಣ, ನೋಡಲು ನುಣ್ಣಗೆ. ಮಾಲಿನಿ ತನ್ನ ಮೀಟರು ತಂದಳು. ಅದಕ್ಕೆ ಎರಡು ಮೊಳೆ ಇವೆ, ಚುಚ್ಚಿದರೆ ತೇವ ಎಷ್ಟಿದೆ ಎಂದು ಅಂಕೆ ತೋರಿಸುತ್ತದೆ. ಬಂದ ಹೊಸತರಲ್ಲಿ ನನ್ನ ನಾಲಿಗೆಗೂ ಅವಳ ಮೀಟರಿಗೂ ಪಂದ್ಯ ಇಟ್ಟಿದ್ದಳು. ಐದು ಚೀಲದಲ್ಲಿ ಐದೂ ಒಂದೇ ಆಗಿತ್ತು. ಅವಳು ಚಪ್ಪಾಳೆ ತಟ್ಟಿದ್ದಳು, ನಾನು ಅದನ್ನು ಲೇವಡಿ ಎಂದುಕೊಂಡಿದ್ದೆ.

ಮೀಟರು ಚುಚ್ಚಿ ಚೆನ್ನಾಗಿ ಒಣಗಿದೆ ಎಂದಳು. ನಾನು ಅಭ್ಯಾಸದಂತೆ ಒಂದು ಚಿಟಿಕೆ ನಾಲಿಗೆಗೆ ಇಟ್ಟೆ.

ಉಪ್ಪು.

ಅದು ಹೊಂಡದ ಉಪ್ಪು ಎಂದು ತಿಳಿಯಲು ನನಗೆ ಕ್ಷಣವೂ ಬೇಕಾಗಲಿಲ್ಲ. ನನ್ನ ಹೆತ್ತ ಆಯಿ ಮೂವತ್ತು ವರ್ಷ ಅದೇ ಹಿನ್ನೀರಿನಲ್ಲಿ ನಾರು ಬಡಿದವಳು. ತೆಂಗಿನ ಸಿಪ್ಪೆಯನ್ನು ಉಪ್ಪುನೀರಿನ ಹೊಂಡದಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ತೆಗೆದು, ಬಡಿದು, ನಾರನ್ನು ಹುರಿ ಹೊಸೆಯಲು ಕೊಟ್ಟು ಪುಡಿಯನ್ನು ಬದಿಗೆ ರಾಶಿ ಹಾಕುತ್ತಿದ್ದರು. ಆ ಪುಡಿಯನ್ನು ಬೇಸಿಗೆಯಲ್ಲಿ ಒಲೆಗೆ ಹಾಕಿದರೆ ಏನೂ ತೊಂದರೆಯಿಲ್ಲ, ಚಟಚಟ ಎಂದು ಉರಿಯುತ್ತದೆ. ಆದರೆ ಮಳೆಗಾಲಕ್ಕೆಂದು ಆಯಿ ಅದನ್ನು ಒಂದು ಬುಟ್ಟಿಯೂ ತೆಗೆದಿಡುತ್ತಿರಲಿಲ್ಲ. ಜೂನಿನಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೋ ಹಾಗೆ ಅದೂ ಗಾಳಿಯಿಂದಲೇ ನೀರು ಕುಡಿಯುತ್ತದೆ. ಘಟ್ಟದ ಮೇಲಿನವಳಿಗೆ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕುತ್ತಾರೆ ಎಂಬುದೇ ಗೊತ್ತಿರಲಿಲ್ಲ. ಮೀಟರಿಗೆ ತೇವ ಗೊತ್ತಾಗುತ್ತದೆ, ಉಪ್ಪು ಗೊತ್ತಾಗುವುದಿಲ್ಲ. ಕರ್ಕಿಯಲ್ಲೇ ಹುಟ್ಟಿ ಗದ್ದೆ ಕೆಲಸದಲ್ಲೇ ಬೆಳೆದ ನಮ್ಮನೆಯವರೂ ಪ್ರವೀಣನೂ ಪುಡಿಯನ್ನು ನಾಲಿಗೆಗೆ ಇಡುವವರಲ್ಲ. ಆ ಅಂಗಳದಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ.

ತಲೆ ಎತ್ತಿದಾಗ ಮಾಲಿನಿ ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ಒಂದೇ ಮಾತು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ. ಭತ್ತ ನೆನೆಸುವುದಿತ್ತು.

ಆಮೇಲೆ ಎರಡೂವರೆ ತಿಂಗಳು ನನಗೆ ಹೇಳಲು ದಿನವೂ ಸಮಯವಿತ್ತು. ಕೆಲವು ದಿನ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅತ್ತೆ ಯಾರಿಗೋ ಫೋನಿನಲ್ಲಿ, ನಮ್ಮ ಮಾಲಿನಿ ಬಂದ ಮೇಲೆ ಮನೆಗೆ ಒಂದು ಕಳೆ ಬಂತು ಎನ್ನುವುದು ಕೇಳುತ್ತಿತ್ತು, ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮಾಲಿನಿ ಮಾತ್ರ ಬಿಸಿಲಲ್ಲಿ ನಿಂತು ಬ್ರಿಕೆಟ್ಟುಗಳನ್ನು ಒಂದೊಂದಾಗಿ ಮಗುಚಿ ಒಣಗಿಸಿದಳು. ಅವಳ ಮುಖ ಕಪ್ಪಾಯಿತು, ಅಂಗೈ ಒಡೆಯಿತು. ಒಂದು ಮಧ್ಯಾಹ್ನ ನಾನೇ ಅವಳಿಗೆ ಮಜ್ಜಿಗೆ ಕೊಟ್ಟೆ. ಮಜ್ಜಿಗೆಗೆ ಉಪ್ಪು ಹದವಾಗಿದೆ ಅಕ್ಕ ಎಂದಳು. ನನಗೆ ಅಲ್ಲಿ ನಿಲ್ಲಲಾಗದೆ ಲೋಟಕ್ಕೂ ಕಾಯದೆ ಬಂದೆ.

ಮೇ ಕೊನೆಯಲ್ಲಿ ಎರಡು ಟೆಂಪೋ ಬ್ರಿಕೆಟ್ ಭಟ್ಕಳಕ್ಕೆ ಹೋಯಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೂರನೇ ವಾರ ಗುರುದತ್ತರ ಫೋನು ಬಂತು. ಬೈಯಲಿಲ್ಲವಂತೆ, ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದರಂತೆ. ಮಾಲಿನಿ ಅವಸರದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನನ್ನನ್ನು ಕರೆದಳು. ಒಲೆಯ ವಿಷಯ ನಿಮಗೆ ಗೊತ್ತಾಗುವಷ್ಟು ನಮಗೆ ಗೊತ್ತಾಗುವುದಿಲ್ಲ, ನೀವೂ ಬನ್ನಿ ಎಂದಳು. ಪ್ರವೀಣ ಮಶಿನ್ನಿನ ಹತ್ತಿರ ಉಳಿದ. ಟೆಂಪೋದ ಮುಂದಿನ ಸೀಟಿನಲ್ಲಿ ನಮ್ಮನೆಯವರು, ನಾನು, ಅವಳು ಒತ್ತಿಕೊಂಡು ಕೂತೆವು. ನಾನು ಕಾಯುತ್ತಿದ್ದ ದಿನ ಬಂದಿತ್ತು.

ಗೋದಾಮಿನಲ್ಲಿ ಬ್ರಿಕೆಟ್ ಎಂಬುದೇ ಉಳಿದಿರಲಿಲ್ಲ. ಚೀಲಗಳು ಉಬ್ಬಿ ಹೊಲಿಗೆ ಬಿಟ್ಟಿದ್ದವು, ಒಳಗಿನದೆಲ್ಲ ಮೆತ್ತಗಾಗಿ ಮತ್ತೆ ಪುಡಿಯಾಗಿ, ಅಡಿಯಿಂದ ಕಂದು ನೀರು ಹರಿದು ನೆಲದಲ್ಲಿ ಒಣಗದೆ ನಿಂತಿತ್ತು. ಬೇಕರಿಯ ಬಾಗಿಲು ಅರ್ಧ ಎಳೆದಿತ್ತು. ಬೆಳಗಿನ ಹಿಟ್ಟು ಹುಳಿಯಾಗಿ ತೊಟ್ಟಿಯಿಂದ ಹೊರಗೆ ಉಕ್ಕಿತ್ತು, ಅದನ್ನು ದನಕ್ಕೆ ಹಾಕಲು ಒಯ್ಯುತ್ತಿದ್ದರು. ಗುರುದತ್ತ ದನಿ ಎತ್ತುವ ಮನುಷ್ಯ ಅಲ್ಲ.

"ನಮ್ಮ ಅಜ್ಜನ ಕಾಲದಿಂದ ಈ ಭಟ್ಟಿ ತಣ್ಣಗಾದದ್ದಿಲ್ಲಮ್ಮ," ಎಂದರು. "ನಿನ್ನೆ ಆತು."

ಭಟ್ಟಿಯ ಕೆಲಸದ ಬೊಮ್ಮ, ವಯಸ್ಸಾದವನು, ಒಂದು ಚೀಲದೊಳಗೆ ಕೈ ಹಾಕಿ ಹಿಸುಕಿದ. ಬೆರಳು ಮೂಸಿ, ಇದು ಕೊಳೆಹಾಕಿದ ಸಿಪ್ಪೆಯ ಪುಡಿ, ಇದರಲ್ಲಿ ಉಪ್ಪಿದೆ, ಮಳೆಗಾಲಕ್ಕೆ ಇದನ್ನು ಯಾರಾದರೂ ಇಡುತ್ತಾರೋ ಎಂದ.

ಮಾಲಿನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಬೊಮ್ಮನ ಕಡೆಗಲ್ಲ, ಗುರುದತ್ತರ ಕಡೆಗೇ ತಿರುಗಿದಳು.

"ಉಪ್ಪಿರೋದಕ್ಕೆ ಸಾಧ್ಯನೇ ಇಲ್ರಿ," ಎಂದಳು. "ಪುಡಿ ತಂದ ದಿನ ನಮ್ಮ ಅಕ್ಕ ನಾಲಿಗೆ ಮ್ಯಾಲೆ ಇಟ್ಟು ನೋಡ್ಯಾರ. ನಾ ಅವರ ಮುಖನೇ ನೋಡ್ತಾ ನಿಂತಿದ್ದೆ. ಏನರ ಇದ್ದಿದ್ರ ಅವರು ಅವತ್ತೇ ಬ್ಯಾಡ ಅಂತಿದ್ರು. ಅವರು ಸುಮ್ನೆ ಒಳಗ ಹೋದ್ರು, ಆಮೇಲೇ ನಾ ಮಶಿನ್ನಿಗೆ ಹಾಕ್ಸಿದ್ದು. ನಿಮ್ಮ ಗೋದಾಮಿನ ಮಾಡೇ ಸೋರಿರಬೇಕು."

ಗುರುದತ್ತರು ತಲೆ ಎತ್ತಿ ಮಾಡಿನ ಕಡೆ ನೋಡಿದರು. ಹೊಸ ಶೀಟು, ಒಂದು ಹನಿಯ ಗುರುತೂ ಇರಲಿಲ್ಲ. ಅವರ ಮುಖ ಮೊದಲ ಸಲ ಬಿಗಿಯಾಯಿತು. ನಮ್ಮನೆಯವರು ನನ್ನ ಕಡೆ ತಿರುಗಿದರು. ಅವರಿಗೂ ನನ್ನ ನಾಲಿಗೆಯ ಮೇಲೆ ಅಷ್ಟೇ ನಂಬಿಕೆ, ಅದು ಕಣ್ಣಿನಲ್ಲಿ ಕಾಣುತ್ತಿತ್ತು. ಮಾಲಿನಿ ನನ್ನ ಪಕ್ಕಕ್ಕೆ ಬಂದು ನಿಂತು, ಹೇಳಿ ಅಕ್ಕ ಎಂದಳು.

ಅಷ್ಟು ದಿನ ಮನೆಯಲ್ಲಿ ನನ್ನನ್ನು ಕೇಳುವವರಿಲ್ಲ ಎಂದು ನಾನು ಉರಿದುಕೊಂಡಿದ್ದೆ. ಅವಳು ಕೇಳದೇ ಇದ್ದದ್ದು ಒಂದು ದಿನವೂ ಇಲ್ಲ. ಮೀಟರು ಚುಚ್ಚಿದ ಮೇಲೂ ನನ್ನ ಮುಖ ನೋಡಿಯೇ ಮುಂದೆ ಹೋಗುತ್ತಿದ್ದಳು. ನನ್ನ ಮೌನವನ್ನು ಅವಳು ಒಪ್ಪಿಗೆ ಎಂದು ತೆಗೆದುಕೊಂಡಿದ್ದಳು, ಆ ಒಪ್ಪಿಗೆಯ ಮೇಲೆ ಎರಡು ಟೆಂಪೋ ಲೋಡು ಹೇರಿದ್ದಳು, ಈಗ ಅದೇ ಧೈರ್ಯದಲ್ಲಿ ಒಬ್ಬ ಮರ್ಯಾದಸ್ಥನ ಮೇಲೆ ತಪ್ಪು ಹೊರಿಸುತ್ತಿದ್ದಳು. ನಾನು ಇನ್ನೂ ಸುಮ್ಮನಿದ್ದರೆ ಎಲ್ಲರೂ ಅವಳನ್ನು ಸುಳ್ಳುಗಾರ್ತಿ ಎನ್ನುತ್ತಿದ್ದರು. ನನಗೆ ಬೇಕಿದ್ದದ್ದಕ್ಕಿಂತ ಅದು ಹೆಚ್ಚು.

"ಮಾಡು ಸೋರ್ಲಿಲ್ಲ ಮಾಲಿನಿ," ಎಂದೆ. "ಉಪ್ಪಿತ್ತು. ನಂಗೆ ಅವತ್ತೇ ಗೊತ್ತಾಗಿತ್ತು."

ಅವಳು ಮೊದಲು ನಕ್ಕಳು, ಅವಳನ್ನು ಉಳಿಸಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಆಮೇಲೆ ನನ್ನ ಮುಖ ನೋಡಿದಳು.

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಒಂದ್ ಸಲ ಸೋಲೂದು ನೋಡೂಕಿತ್ತು ನಂಗೆ."

ಬೊಮ್ಮ ಕೈ ಒರೆಸಿಕೊಂಡು ಹೊರಗೆ ಹೋದ. ಮಾಲಿನಿ ಗುರುದತ್ತರಿಗೆ ಕೈ ಮುಗಿದು, ಗೋದಾಮಿನ ಮಾತು ಆಡಿದ್ದು ತಪ್ಪಾಯಿತು ಎಂದಳು. ನಷ್ಟ ಭರ್ತಿ ಮಾಡುವುದಾಗಿಯೂ ಹೇಳಿದಳು. ಗುರುದತ್ತರು ಆ ಮಾತು ಈಗ ಬೇಡ, ದೀಪಾವಳಿಗೆ ಸರಿಯಾದ ಮಾಲು ತಂದರೆ ನೋಡೋಣ ಎಂದರು. ವಾಪಸು ಬರುವಾಗ ಅವಳು ಮುಂದಿನ ಸೀಟಿಗೆ ಬರಲಿಲ್ಲ. ಹಿಂದೆ ತಾಡಪತ್ರಿಯ ಕೆಳಗೆ ಖಾಲಿ ಚೀಲಗಳ ಮೇಲೆ ಕೂತಳು. ನಮ್ಮನೆಯವರು ಎರಡು ಸಲ ಗಾಡಿ ನಿಲ್ಲಿಸಿ ಮುಂದೆ ಬಾ ಎಂದು ಕರೆದರು. ಅಡ್ಡಿಯಿಲ್ಲ ಭಾವ, ಇಲ್ಲೇ ಆರಾಮಿದೆ ಎಂದಳು. ಅವರು ನನ್ನ ಕಡೆ ತಿರುಗದೆ ಗಾಡಿ ಓಡಿಸಿದರು.

ಮನೆಯಲ್ಲಿ ಅತ್ತೆಗೆ ನಾನೇ ಹೇಳಿದೆ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಒಲೆಯ ಮುಂದಿನ ನನ್ನ ಮಣೆಯನ್ನು ನೋಡಿದರು, ಇದಕ್ಕೇನಾ ನಾನು ನಿನಗೆ ಕೈ ಕಲಿಸಿದ್ದು ಎಂದು ಕೇಳಿ ಎದ್ದು ಹೋದರು.

ಹಾಳಾದ ಬ್ರಿಕೆಟ್ಟೆಲ್ಲ ತೆಂಗಿನ ಬುಡಕ್ಕೆ ಹೋಯಿತು. ತೆಂಗಿಗೆ ಉಪ್ಪು ತೊಂದರೆಯಿಲ್ಲ. ಆದರೆ ಶೆಡ್ಡಿನಲ್ಲಿ ಅರ್ಧ ರಾಶಿ ಪುಡಿ ಹಾಗೇ ಉಳಿದಿತ್ತು, ಪ್ರವೀಣ ಅದನ್ನೂ ಹೊರಗೆ ಎಸೆಯಲು ಹೊರಟಿದ್ದ. ನಾನು ಬಿಡಲಿಲ್ಲ. ಸಿಹಿನೀರು ಬಿದ್ದರೆ ಉಪ್ಪು ಹೋಗುತ್ತದೆ. ಕೊಳೆಪುಡಿಯನ್ನು ಒಂದು ಮಳೆಗಾಲ ಬಯಲಲ್ಲಿ ನೆನೆಯಲು ಬಿಟ್ಟು, ಆಮೇಲೆ ಗಿಡಕ್ಕೆ ಹಾಕುವುದನ್ನು ಆಯಿ ಮಾಡುತ್ತಿದ್ದಳು. ಮನೆಯ ಹಿಂದಿನ ಚಿರೆಕಲ್ಲಿನ ಪಾಗಾರ ಗೋಡೆಯ ಬದಿಯಲ್ಲಿ ಜಾಗ ಇಳಿಜಾರಾಗಿದೆ. ಕಾಸರಕೋಡಿನಿಂದ ಹಳೆಯ ಮೀನು ಬಲೆಗಳನ್ನು ತಂದು, ಕೆಳಗೊಂದು ಮೇಲೊಂದು ಹಾಸಿ, ನಡುವೆ ಪುಡಿಯನ್ನು ಗೇಣಿನಷ್ಟು ದಪ್ಪಕ್ಕೆ ಹರಡಿದೆ. ಒಬ್ಬಳೇ ಹರಡಿದೆ, ಯಾರನ್ನೂ ಕರೆಯಲಿಲ್ಲ. ಜುಲೈ, ಆಗಸ್ಟು ಪೂರ್ತಿ ಅದರ ಮೇಲೆ ಮಳೆ ಸುರಿಯಿತು. ವಾರಕ್ಕೊಮ್ಮೆ ಮಳೆಗೆ ಗೊರಬು ಹೊದ್ದುಕೊಂಡು ಹೋಗಿ ಮಗುಚಿ, ಕೆಳಗೆ ಇಳಿಯುವ ನೀರನ್ನು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿ ನೋಡುತ್ತಿದ್ದೆ. ಮೊದಲು ಕಂದು, ಉಪ್ಪು. ಚೌತಿ ಹೊತ್ತಿಗೆ ಬರೀ ಒಗರು. ಮಾಲಿನಿ ಅಡುಗೆಮನೆಯ ಕಿಟಕಿಯಿಂದ ನೋಡುವುದು ನನಗೆ ಗೊತ್ತಾಗುತ್ತಿತ್ತು. ಬಂದು ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಮನೆಯಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಉಪ್ಪಿನಕಾಯಿ ಭರಣಿ ಎಲ್ಲಿದೆ, ಭಾವನಿಗೆ ಊಟ ಆಯಿತೇ, ಅಂಥವು. ಅಕ್ಕ ಎಂದೇ ಕರೆಯುತ್ತಿದ್ದಳು.

ಅಕ್ಟೋಬರಿನಲ್ಲಿ ಬಿಸಿಲು ಬಂತು. ಪುಡಿ ಒಂದು ವಾರದಲ್ಲಿ ಗರಿಗರಿಯಾಯಿತು. ಎಲ್ಲವನ್ನೂ ಬಲೆಯಿಂದ ಬಿಡಿಸಿ ಮಶಿನ್ನಿನ ಪಕ್ಕದಲ್ಲಿ ಹೊಸ ರಾಶಿ ಹಾಕಿದೆ. ಮಾಲಿನಿ ಮೀಟರು ಹಿಡಿದು ಬಂದಳು. ಅವಳು ಕೇಳುವ ಮೊದಲೇ ನಾನು ಒಂದು ಚಿಟಿಕೆ ನಾಲಿಗೆಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಉಪ್ಪಿಲ್ಲ. ಒಣಗಿದೆ. ಹಾಕೂಕೆ ಅಡ್ಡಿಲ್ಲ."

ಮಾರ್ಚಿನಲ್ಲಿ ಹೇಳಬೇಕಾಗಿದ್ದ ಮಾತಿನಷ್ಟೇ ಚಿಕ್ಕ ಮಾತು ಅದು. ಹೇಳಿ ಅವಳ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. ರಾಶಿಗೆ ಮೀಟರು ಚುಚ್ಚಿ ಅಂಕೆ ನೋಡಿದಳು. ಮೀಟರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಶಿಯ ಸುತ್ತ ಒಂದು ಸುತ್ತು ಬಂದು, ನಾನು ತೆಗೆದ ಕಡೆಯಿಂದಲ್ಲ, ಆಚೆ ಬದಿಯಿಂದ, ಒಂದು ಚಿಟಿಕೆ ತೆಗೆದು ತನ್ನ ನಾಲಿಗೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿ ನಿಂತಳು. ಇನ್ನೊಂದು ಕಡೆಯಿಂದ ಇನ್ನೊಂದು ಚಿಟಿಕೆ. ಬದಿಗೆ ಉಗುಳಿ ಬಾಯಿ ಒರೆಸಿಕೊಂಡಳು.

"ಆತು," ಎಂದು ಪ್ರವೀಣನಿಗೆ ಹೇಳಿದಳು. "ಹಾಕ್ರಿ."

ಮಶಿನ್ ಶುರುವಾಯಿತು. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದೆ. ಈಗ ಪ್ರತಿ ರಾಶಿಗೂ ಅವಳು ಹೀಗೇ ಮಾಡುತ್ತಾಳೆ, ಚೆನ್ನಾಗಿಯೇ ಕಲಿತಿದ್ದಾಳೆ, ನನ್ನ ಮುಖ ನೋಡುವುದಿಲ್ಲ.